ನಮ್ಮ ನಾಯಿಯ ಎಡೆ

ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದಾಗ, ನಾಯಿಯಂತಹ ಸಾಮಾನ್ಯ ಪ್ರಾಣಿಗೆ ಇಷ್ಟೊಂದು ನಾಮಧೇಯಗಳೇಕೆಂದು ನನಗೆ ಸೋಜಿಗವಾಗುತ್ತಿತ್ತು. ಮುಂದೆ ನಾನೇ ಶಿಕ್ಷಕನಾಗಿ ಮೂವತ್ತಕ್ಕೂ ಮಿಕ್ಕ ವರ್ಷಗಳ ಕಾಲ ಆ ಹೆಸರುಗಳನ್ನು ಮಕ್ಕಳ ಬಾಯಿಂದ ಹೇಳಿಸಿದೆನು. ಆದರೆ ಅವುಗಳಲ್ಲಿ ಎರಡು ಹೆಸರುಗಳ ಅರ್ಥವು ನನಗೆ ನಿಜವಾಗಿ ತಿಳಿದುಬಂದುದು ನಿವೃತ್ತನಾದ ಮೇಲೆ, ಹೊನವಾಡದ ನಮ್ಮ ಮನೆಯ ಹಿತ್ತಲಿನಲ್ಲಿ, ಒಂದು ನಾಯಿಯ ಬೋಗುಣಿಯ ಎದುರಿನಲ್ಲಿ. ಮೊದಲನೆಯ ಹೆಸರು ‘ಕೌಲೇಯಕ’. ಕುಲಕ್ಕೆ, ಎಂದರೆ ಮನೆತನಕ್ಕೆ ಸೇರಿದುದು ಎಂದರ್ಥ. ಎರಡನೆಯದು ‘ಮೃಗದಂಶಕ’; ಮೃಗವನ್ನು ಕಚ್ಚುವಂಥದು. ಮನೆಯ ಅನ್ನವನ್ನುಂಡು ಹೊಸ್ತಿಲು ಕಾಯುವುದೂ ಅದೇ. ಬೇಟೆಯ ಹಿಂದೆ ಓಡಿ ಹಲ್ಲೂರುವುದೂ ಅದೇ. ಈ ಎರಡು ಹೆಸರುಗಳ ನಡುವೆ ನಮ್ಮ ಮನೆಯಲ್ಲಿ ಕೆಲವು ತಿಂಗಳು ನಡೆದ ವ್ಯಾಜ್ಯವನ್ನೇ ಇಲ್ಲಿ ಬರೆಯಹೊರಟಿದ್ದೇನೆ.

ನಾಯಿಯ ಊಟದ ಸಂಗತಿಯನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುವುದೇ ಎಂದು ಕೆಲವು ವಾಚಕರು ಮೂಗು ಮುರಿಯಬಹುದು. ಅವರಲ್ಲಿ ನನ್ನದೊಂದೇ ಬಿನ್ನಹ. ಮಕ್ಕಳಿರುವ ಮನೆಯಲ್ಲಿ ನಾಯಿಯು ತಿಂದುದು ನಾಯಿಯ ಹೊಟ್ಟೆಯಲ್ಲಿಯೇ ಉಳಿಯುವುದಿಲ್ಲ. ಅದು ಹೇಗೆಂಬುದನ್ನು ತಿಳಿಯಲು ನಾನು ಸ್ವಲ್ಪ ಭಯವನ್ನೂ ಬಹಳ ನಾಚಿಕೆಯನ್ನೂ ತೆರಬೇಕಾಯಿತು.

ಪುಣೆಯಲ್ಲಿ ಕೆಲಸದಲ್ಲಿರುವ ನಮ್ಮ ಮಗನು ದೀಪಾವಳಿಗೆಂದು ಬಂದವನು ಮುಧೋಳದ ಕಡೆಯಿಂದ ಎರಡು ತಿಂಗಳ ಹೆಣ್ಣುಮರಿಯೊಂದನ್ನು ತಂದನು. ಮುಧೋಳದ ತಳಿಯ ಕೀರ್ತಿಯನ್ನು ನಮ್ಮ ನಾಡಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮುಧೋಳ ಸಂಸ್ಥಾನದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಅಕ್ಕರೆಯಿಂದ ಬೆಳೆಸಿ, ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಒಪ್ಪಿಸಿದರು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಇದರ ಚಿತ್ರವಿರುವ ಚೀಟಿಯನ್ನು ಹೊರಡಿಸಿತು. 2016ರಲ್ಲಿ ಇದರ ಮರಿಗಳು ಮೀರತ್ತಿನ ಸೈನ್ಯದ ಕೇಂದ್ರಕ್ಕೆ ಶಿಕ್ಷಣಕ್ಕಾಗಿ ಹೋದವು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಈ ತಳಿಗಾಗಿಯೇ ಒಂದು ಸಂಶೋಧನಾ ಕೇಂದ್ರವನ್ನು ನಡೆಸುತ್ತಿದ್ದಾರೆ. ನೀಳವಾದ ಮೋರೆ, ಆಳವಾದ ಎದೆ, ಸೊಂಟವೋ ಹಿಡಿಯೊಳಗೆ ಬರುವಂಥದು. ನೋಡಿದವರು ‘ಉಪವಾಸ ಕೆಡವಿದ್ದಾರೆ’ ಎಂದುಕೊಳ್ಳಬೇಕು. ಆದರೆ ಅದರ ಲಕ್ಷಣವೇ ಅದು. ನನ್ನ ಹೆಂಡತಿಯು ಅದರ ಕಾಲುಗಳನ್ನು ನೋಡಿ ‘ಚಿಗರಿ’ ಎಂದು ಹೆಸರಿಟ್ಟಳು. ಜಿಂಕೆಯನ್ನು ಅಟ್ಟುವ ಜಾತಿಗೆ ಜಿಂಕೆಯದೇ ಹೆಸರು!

ನಮ್ಮದು ತಲೆತಲಾಂತರದಿಂದ ಮಾಂಸವನ್ನು ಮುಟ್ಟದ ಮನೆ. ಆದುದರಿಂದ ಚಿಗರಿಗೂ ನಮ್ಮ ಎಡೆಯೇ ಆಯಿತು. ಮುಂಜಾನೆ ಹಾಲಿನಲ್ಲಿ ನೆನೆಸಿದ ಬಿಳಿಜೋಳದ ರೊಟ್ಟಿ, ರಾತ್ರಿ ಮಜ್ಜಿಗೆ ಕಲಸಿದ ನುಚ್ಚು, ಹಬ್ಬದ ದಿನ ಒಂದಿಷ್ಟು ಹೋಳಿಗೆ. ನಾನು ಇದನ್ನು ಬಡತನದಿಂದ ಮಾಡಿದುದಲ್ಲ, ಹೆಮ್ಮೆಯಿಂದ ಮಾಡಿದೆನು. ವೈಶ್ವದೇವದಲ್ಲಿ ಗೃಹಸ್ಥನು ಉಣ್ಣುವ ಮುನ್ನ ನಾಯಿಗೂ ಕಾಗೆಗೂ ಅನ್ನದ ಪಾಲನ್ನು ತೆಗೆದಿಡಬೇಕೆಂದು ನಮ್ಮ ಹಿರಿಯರು ವಿಧಿಸಿದ್ದಾರಲ್ಲವೇ? ಧರ್ಮರಾಯನು ಮಹಾಪ್ರಸ್ಥಾನದಲ್ಲಿ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲೊಲ್ಲದೆ ನಿಂತ ಕಥೆಯನ್ನು ನಾನು ಎಷ್ಟು ವರ್ಷ ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಆ ಹಿಮದ ದಾರಿಯಲ್ಲಿ ನಾಯಿಯು ಏನನ್ನು ತಿಂದಿತೆಂದು ಒಬ್ಬ ಹುಡುಗನೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಮಾಘಮಾಸದ ಹೊತ್ತಿಗೆ ಮರಿಗೆ ಐದು ತಿಂಗಳು ತುಂಬಿತು. ಅದು ಎತ್ತರಕ್ಕೆ ಬೆಳೆದಿತ್ತು. ಆದರೆ ಮುಂಗಾಲುಗಳು ಮಣಿಕಟ್ಟಿನ ಬಳಿ ಸಣ್ಣಗೆ ಹೊರಕ್ಕೆ ಬಾಗಿದಂತೆ ತೋರುತ್ತಿದ್ದವು. ಕೂದಲು ಮಂಕಾಗಿತ್ತು. ಕುರಿ ಕಾಯುವವರು ದಾರಿಯಲ್ಲಿ ಹೋಗುತ್ತ ನಿಂತು ನೋಡಿ, ನನ್ನ ಮೇಲಿನ ಗೌರವದಿಂದಲೋ ಏನೋ, ಮಾತನಾಡದೆ ಮುಂದಕ್ಕೆ ನಡೆಯುತ್ತಿದ್ದರು. ಶಿವರಾತ್ರಿಗೆ ಬಂದ ಮಗನು ಸುಮ್ಮನಿರಲಿಲ್ಲ.

“ಅಪ್ಪಾ, ಅದು ನಾಯಿ ಐತಿ, ಋಷಿ ಅಲ್ಲ. ಹಾಲು ರೊಟ್ಟಿ ಮ್ಯಾಲ ಅದನ್ನ ಎಷ್ಟ ದಿವಸ ಇಡ್ತೀರಿ?” ಎಂದನು.

ಅವನು ಪುಣೆಯಲ್ಲಿ ಸ್ನೇಹಿತರಿಂದ ಕೇಳಿ, ತಾನೂ ಬಹಳಷ್ಟು ಓದಿಕೊಂಡು ಒಂದು ಹೊಸ ಪಂಥವನ್ನು ಹಿಡಿದಿದ್ದನು. ನಾಯಿಯು ತೋಳನ ವಂಶದ್ದು. ತೋಳನು ಒಲೆ ಹೊತ್ತಿಸುವುದಿಲ್ಲ. ಆದುದರಿಂದ ನಾಯಿಗೆ ಹಸಿಯ ಮಾಂಸ, ಹಸಿಯ ಎಲುಬು, ಹಸಿಯ ಒಳಾಂಗಗಳೇ ಸಹಜಾಹಾರವೆಂಬುದು ಆ ಪಂಥದ ಸಾರ. ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲಿಂಗ್‌ಹರ್ಸ್ಟ್ ಎಂಬವರು 1993ರಲ್ಲಿ ಈ ಕುರಿತು ಒಂದು ಪುಸ್ತಕವನ್ನು ಬರೆದ ಮೇಲೆ ಇದು ದೇಶದೇಶಗಳಿಗೆ ಹಬ್ಬಿತಂತೆ. ಕಾರ್ಖಾನೆಯ ಒಣ ಗುಳಿಗೆಗಳನ್ನು ಹಾಕಿ ಹಾಕಿ ಬೇಸತ್ತ ನಗರದ ಜನರಿಗೆ ಅದು ಹಿಡಿಸಿದುದರಲ್ಲಿ ಆಶ್ಚರ್ಯವಿಲ್ಲ.

ನಾನು ಬಿಡುವೆನೇ? ‘ಕೌಲೇಯಕ’ ಶಬ್ದದ ವ್ಯುತ್ಪತ್ತಿಯನ್ನು ಹೇಳಿದೆನು. ಅವನು ‘ಮೃಗದಂಶಕ’ ಶಬ್ದವನ್ನು ಹೇಳಿ ನನ್ನ ಬಾಯಿ ಮುಚ್ಚಿಸಿದನು. ಅದನ್ನು ಕಲಿಸಿದವನು ನಾನೇ! ಕಡೆಗೆ ನನ್ನ ಹೆಂಡತಿಯು ನ್ಯಾಯ ತೀರಿಸಿದಳು.

“ತಿನ್ನೂದು ಅದರ ಧರ್ಮ, ಬಿಡೂದು ನಮ್ಮ ಧರ್ಮ. ಎರಡನ್ನೂ ಒಂದ ಒಲಿ ಮ್ಯಾಲ ಇಡಬ್ಯಾಡ್ರಿ, ಅಷ್ಟ ಸಾಕು.”

ಹಸಿಯದಕ್ಕೆ ಒಲೆಯೇ ಬೇಕಿಲ್ಲವೆಂದು ಮಗನು ನಕ್ಕನು. ವ್ಯವಸ್ಥೆಯಾಯಿತು. ನಮ್ಮ ಹೊಲವನ್ನು ನೋಡಿಕೊಳ್ಳುವವನು ದಿನವೂ ಕೋಳಿಯ ಮಾಂಸವನ್ನು ಮೆತ್ತನೆಯ ಎಲುಬಿನ ಸಹಿತ ತರಬೇಕು, ಹೊಲದ ಮನೆಯ ಅಂಗಳದಲ್ಲಿ ಹಾಕಬೇಕು, ಬೋಗುಣಿಯನ್ನು ಅಲ್ಲಿಯೇ ತೊಳೆದಿಡಬೇಕು. ಮಗನು ತೂಕವನ್ನೂ ಪ್ರಮಾಣವನ್ನೂ ಒಂದು ಕಾಗದದ ಮೇಲೆ ಬರೆದುಕೊಟ್ಟು ಪುಣೆಗೆ ಹೊರಟುಹೋದನು. ಮೇಲ್ವಿಚಾರಣೆ ನನ್ನದು.

ಆ ಮೇಲ್ವಿಚಾರಣೆಯನ್ನು ನಾನು ಹೇಗೆ ಮಾಡಿದೆನೆಂಬುದನ್ನು ಮುಚ್ಚದೆ ಹೇಳುತ್ತೇನೆ. ಚಿಗರಿಯನ್ನು ಹೊಲದವರೆಗೆ ನಡೆಸಿಕೊಂಡು ಹೋಗುವೆನು. “ಮಾಸ್ತರ್ರ, ನೀವು ದೂರ ನಿಂದರ್ರಿ, ಹಾಕೂದು ನನ್ನ ಕೆಲಸ” ಎಂದು ಅವನು ಹೇಳುವನು. ನಾನು ಬೇವಿನ ಗಿಡದ ಆಚೆ ನಿಂತು, ದ್ರಾಕ್ಷಿಯ ತೋಟಗಳ ಕಡೆ ಮೋರೆ ತಿರುಗಿಸಿಕೊಂಡು, ಎಲುಬು ಕಡಿಯುವ ಸದ್ದು ನಿಲ್ಲುವ ತನಕ ಸ್ತೋತ್ರ ಹೇಳಿಕೊಳ್ಳುವೆನು. ಮೊದಲ ನಾಲ್ಕು ದಿನ ನಾಯಿಗೆ ಭೇದಿಯಾಯಿತು. ಐದು ತಿಂಗಳು ಹಾಲು ರೊಟ್ಟಿಗೆ ಒಗ್ಗಿದ ಕರುಳಿಗೆ ಒಂದೇ ಹಗಲಿನಲ್ಲಿ ಬೇರೆ ಆಹಾರ ಬಂದರೆ ಮತ್ತೇನಾದೀತು? ಬಳಿಕ ಸರಿಹೋಯಿತು. ಸತ್ಯವನ್ನು ಹೇಳಬೇಕಾದರೆ, ಎರಡು ವಾರಗಳಲ್ಲಿ ಅದರ ಮೈಗೆ ಹೊಳಪು ಬಂದಿತು, ಓಟಕ್ಕೆ ಬಿರುಸು ಬಂದಿತು. ನನ್ನ ವಾದವು ಸೋತಿತೆಂದು ನಾನು ಒಳಗೊಳಗೇ ಒಪ್ಪಿಕೊಂಡಿದ್ದೆನು.

ಹೀಗಿರಲು, ರಜೆಗೆ ಸೊಸೆಯೂ ಏಳು ವರ್ಷದ ಮೊಮ್ಮಗಳೂ ಬರುವವರಿದ್ದರು. ಅವರು ಬರುವ ಮುನ್ನ ಚಿಗರಿಗೆ ಹುಚ್ಚುನಾಯಿ ರೋಗದ ಲಸಿಕೆಯ ಕಾರ್ಯವನ್ನು ಮುಗಿಸಿ, ಕಾಲುಗಳನ್ನೂ ತೋರಿಸಿಬಿಡೋಣವೆಂದು ತಿಕೋಟಾದ ಮೇಲೆ ವಿಜಯಪುರಕ್ಕೆ ಕರೆದೊಯ್ದೆನು. ಹೊಲದವನೂ ಜೊತೆಗಿದ್ದನು. ಅಲ್ಲಿಯ ಪಶುವೈದ್ಯೆ ಇನ್ನೂ ತರುಣಿ. ಆದರೆ ಪ್ರಶ್ನೆ ಕೇಳುವ ರೀತಿಯಲ್ಲಿ ಯಾವ ಹಳೆಯ ಪಂಡಿತನಿಗೂ ಕಡಿಮೆಯಿಲ್ಲ. ಮೊದಲು ಏನು ಹಾಕುತ್ತಿದ್ದಿರಿ, ಈಗ ಏನು ಹಾಕುತ್ತಿದ್ದೀರಿ, ಎಲ್ಲಿಂದ ತರುತ್ತೀರಿ ಎಂದು ಒಂದೊಂದಾಗಿ ವಿಚಾರಿಸಿದರು. ನಾನು ಮಗನ ಕಾಗದವನ್ನು ಮುಂದಿಟ್ಟೆನು. ಹೊಲದವನು ಮಾತ್ರ ನೆಲ ನೋಡುತ್ತ ಬಾಯಿಬಿಟ್ಟನು. ಕೋಳಿ ಸಿಕ್ಕದ ದಿನಗಳಲ್ಲಿ, ಅನಂತರ ಅಗ್ಗವೆಂದು ಹೆಚ್ಚಿನ ದಿನಗಳಲ್ಲಿಯೂ, ಕುರಿ ಕಡಿಯುವ ಕಡೆಯಿಂದ ಯಾರೂ ಕೊಳ್ಳದೆ ಬಿಟ್ಟ ಶ್ವಾಸಕೋಶ, ಪಿತ್ತಕೋಶಗಳನ್ನು ತಂದು ಹಾಕುತ್ತಿದ್ದನಂತೆ.

“ಅದರಾಗ ಬೆಳ್ಳನ್ನ ನೀರುಗುಳ್ಳಿ ಏನರೆ ಇದ್ದೂವೇನು?” ಎಂದು ವೈದ್ಯೆ ಕೇಳಿದರು.

“ಒಮ್ಮೊಮ್ಮೆ ಇರ್ತಾವ್ರಿ. ಅಂಥಾವನ್ನ ಮಂದಿ ಒಯ್ಯಂಗಿಲ್ಲ. ನಾಯಿಗೆ ಏನ ಆಗ್ತೈತ್ರಿ?” ಎಂದನು ಅವನು.

ವೈದ್ಯೆ ಲೇಖನಿಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ ವಿವರಿಸತೊಡಗಿದರು. ಕುರಿ, ಆಡು, ದನಗಳ ಒಳಾಂಗಗಳಲ್ಲಿ ಕಾಣುವ ಅಂಥ ಗುಳ್ಳೆಗಳು ಒಂದು ಲಾಡಿಹುಳುವಿನ ಮರಿಗಳ ಕೋಶಗಳಾಗಿರಬಹುದು. ಅವನ್ನು ನಾಯಿಯು ಹಸಿಯದಾಗಿಯೇ ತಿಂದರೆ ಹುಳುಗಳು ಅದರ ಕರುಳಿನಲ್ಲಿ ಬೆಳೆಯುತ್ತವೆ. ಹುಳುವಿನ ಉದ್ದ ಕೆಲವೇ ಮಿಲಿಮೀಟರು. ನಾಯಿಗೆ ಅದರಿಂದ ಯಾವ ತೊಂದರೆಯೂ ಕಾಣಿಸುವುದಿಲ್ಲ. ಆದರೆ ಅದರ ತತ್ತಿಗಳು ಮಲದೊಡನೆ ಹೊರಬಿದ್ದು, ನಾಯಿಯ ಕೂದಲಿಗೂ ಮೂತಿಗೂ ಅಂಟಿ, ಅದನ್ನು ಮುದ್ದಿಸುವವರ ಕೈಗೆ ಬಂದು, ಕೈಯಿಂದ ಬಾಯಿಗೆ ಹೋಗುತ್ತವೆ. ಮನುಷ್ಯನ ದೇಹದಲ್ಲಿ ಅವು ಯಕೃತ್ತಿನಲ್ಲಿಯೋ ಪುಪ್ಪುಸದಲ್ಲಿಯೋ ನೆಲೆಸಿ ನೀರಿನ ಕೋಶಗಳಾಗಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಒಂದು ದಿನ ಶಸ್ತ್ರಚಿಕಿತ್ಸೆಯವರೆಗೆ ಒಯ್ಯುತ್ತವೆ. ಕುರಿಯೂ ನಾಯಿಯೂ ಮನುಷ್ಯನೂ ಒಟ್ಟಿಗೆ ಬಾಳುವ ಕಡೆಗಳಲ್ಲೆಲ್ಲ ಈ ರೋಗ ಉಂಟು.

“ಮನಿಯಾಗ ಸಣ್ಣ ಹುಡುಗರು ಅದಾರೇನ್ರಿ, ಸರ್?”

ಈ ಪ್ರಶ್ನೆಯನ್ನು ಕೇಳಿದೊಡನೆ ನನ್ನ ಕೈಕಾಲುಗಳು ತಣ್ಣಗಾದವು. ದೀಪಾವಳಿಯಲ್ಲಿ ಆ ಮರಿಯು ನಮ್ಮ ಮೊಮ್ಮಗಳ ಕೆನ್ನೆಯನ್ನು ನೆಕ್ಕುತ್ತಿದ್ದುದು, ಅವಳು ಅದೇ ಕೈಯಿಂದ ಲಾಡು ತಿನ್ನುತ್ತಿದ್ದುದು ಕಣ್ಣ ಮುಂದೆ ಬಂದಿತು. ಆಗ ಮರಿಯು ಹಾಲಿನ ಮೇಲಿತ್ತು, ನಿಜ. ಆದರೆ ಇನ್ನು ಹತ್ತು ದಿನಗಳಲ್ಲಿ ಅವಳು ಬರುವವಳಿದ್ದಳು.

ವೈದ್ಯೆ ದಿನಗಳನ್ನು ಎಣಿಸಿ ನೋಡಿದರು. ಹುಳುವು ನಾಯಿಯ ಕರುಳಿನಲ್ಲಿ ಬೆಳೆದು ತತ್ತಿಯಿಡಲು ಆರೇಳು ವಾರಗಳು ಬೇಕು. ಹಸಿಯ ಆಹಾರ ತೊಡಗಿ ಇನ್ನೂ ಮೂರು ವಾರಗಳಷ್ಟೇ ಆಗಿದ್ದವು. “ಹೊತ್ತಿಗೆ ಬಂದೀರಿ” ಎಂದು ಹೇಳಿ, ಪ್ರಾಜಿಕ್ವಾಂಟೆಲ್ ಎಂಬ ಗುಳಿಗೆಯನ್ನು ತೂಕ ನೋಡಿ ಕೊಟ್ಟರು. ಅದನ್ನು ಮತ್ತೆ ಯಾವಾಗ ಕೊಡಬೇಕೆಂಬುದನ್ನು ಬರೆದುಕೊಟ್ಟರು.

ಅದಾದ ಮೇಲೆ ಅವರು ಹೇಳಿದ ಮಾತುಗಳನ್ನು ಮನೆಗೆ ಬಂದು ಒಂದು ವಹಿಯಲ್ಲಿ ಬರೆದಿಟ್ಟುಕೊಂಡೆನು. ನಾಯಿ ಸಾಕುವ ವಾಚಕರಿಗೆ ಉಪಯೋಗವಾದೀತೆಂದು ಅವುಗಳ ಸಾರವನ್ನು ಕೊಡುತ್ತೇನೆ.

ಮೊದಲನೆಯದು, ಕೋಳಿಯ ಮಾಂಸವೊಂದನ್ನೇ ಹಾಕಿದ್ದರೂ ಅಪಾಯವು ತಪ್ಪುತ್ತಿರಲಿಲ್ಲ. ಹಸಿಯ ಮಾಂಸದಲ್ಲಿ ಸಾಲ್ಮೊನೆಲ್ಲಾ ಮೊದಲಾದ ರೋಗಾಣುಗಳು ಇರುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯವರು 2010ರಿಂದ 2012ರವರೆಗೆ ಅಂಗಡಿಗಳಲ್ಲಿ ಮಾರುವ ನಾಯಿಬೆಕ್ಕುಗಳ ಹಸಿಯ ಆಹಾರದ 196 ಮಾದರಿಗಳನ್ನು ಪರೀಕ್ಷಿಸಿದಾಗ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಕಂಡುಬಂದವು. ಆ ದೇಶದ ಪಶುವೈದ್ಯರ ಸಂಘವು 2012ರಲ್ಲಿ ಇಂಥ ಆಹಾರವು ಬೇಡವೆಂದು ಸಾರಿತು. ನಾಯಿಯು ತಾನು ಆರೋಗ್ಯವಾಗಿಯೇ ಇದ್ದು ರೋಗಾಣುಗಳನ್ನು ಮನೆಯಲ್ಲೆಲ್ಲ ಹರಡಬಲ್ಲದು. ಮಾಂಸವನ್ನು ಶೀತಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿಟ್ಟರೆ ಅವು ಸಾಯುವುದಿಲ್ಲ, ನಿದ್ರಿಸುತ್ತವೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಮಕ್ಕಳು, ಮುದುಕರು, ಬಸುರಿಯರು ಇರುವ ಮನೆಯಲ್ಲಿ ಈ ಮಾತನ್ನು ಮುಖ್ಯವಾಗಿ ನೆನೆಯಬೇಕು.

ಎರಡನೆಯದು, ನಾಯಿಯು ತೋಳನಲ್ಲ. ಸ್ವೀಡನ್ ದೇಶದ ಉಪ್ಸಾಲಾದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಹಿಟ್ಟಿನ ಪದಾರ್ಥವನ್ನು ಅರಗಿಸುವ ಪಾಚಕರಸದ ವಂಶವಾಹಿಯು ತೋಳನಲ್ಲಿ ಎರಡೇ ಪ್ರತಿಗಳಿದ್ದರೆ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇವೆ. ಮನುಷ್ಯನ ಒಲೆಯ ಬಳಿ ಸಹಸ್ರಾರು ವರ್ಷ ಮಲಗಿದ ಪ್ರಾಣಿಯು ಅವನ ಧಾನ್ಯವನ್ನು ಅರಗಿಸಲು ಕಲಿತುಕೊಂಡಿತು. ನಮ್ಮ ಜೋಳದ ನುಚ್ಚು ಅದಕ್ಕೆ ವಿಷವಲ್ಲ. ಇದನ್ನು ಕೇಳಿ ‘ಕೌಲೇಯಕ’ದ ಪಕ್ಷವು ಗೆದ್ದಿತೆಂದು ನಾನು ಹಿಗ್ಗುವಷ್ಟರಲ್ಲಿ ಮೂರನೆಯ ಮಾತು ಬಂದಿತು.

ಮೂರನೆಯದು, ಧಾನ್ಯವನ್ನು ಅರಗಿಸಬಲ್ಲದು ಎಂದರೆ ಧಾನ್ಯದಿಂದಲೇ ಬೆಳೆಯಬಲ್ಲದು ಎಂದಲ್ಲ. ಬೆಳೆಯುವ ಮರಿಗೆ ಮಾಂಸಖಂಡಕ್ಕೆ ಬೇಕಾದ ಸತ್ತ್ವವೂ ಎಲುಬಿಗೆ ಬೇಕಾದ ಸುಣ್ಣದ ಅಂಶವೂ ಬೇಕು. ರೊಟ್ಟಿ ಮಜ್ಜಿಗೆಗಳಲ್ಲಿ ಮುಧೋಳದ ಮರಿಯಂತಹ ನೀಳಕಾಯದ ಪ್ರಾಣಿಗೆ ಸಾಲುವಷ್ಟು ಅವು ಇರಲಿಲ್ಲ. ಅದರ ಕಾಲು ಬಾಗಲು ಕಾರಣ ನನ್ನ ಎಡೆಯೇ. ಹಾಗೆಂದು ಬರಿಯ ಮಾಂಸವನ್ನು ಹಾಕಿದರೆ ಇನ್ನೂ ಕೇಡು. ಮಾಂಸದಲ್ಲಿ ರಂಜಕವು ಬಹಳ, ಸುಣ್ಣವು ಅತ್ಯಲ್ಪ. ಬೆಳೆಯುವ ಮರಿಗೆ ಸುಣ್ಣವು ರಂಜಕಕ್ಕಿಂತ ತುಸು ಹೆಚ್ಚಾಗಿಯೇ ಬೇಕು. ಸುಣ್ಣವು ಸಾಲದಾದಾಗ ದೇಹವು ತನ್ನ ಎಲುಬುಗಳಿಂದಲೇ ಅದನ್ನು ತೆಗೆದುಕೊಳ್ಳುತ್ತದೆ; ಎಲುಬು ಮೆತ್ತಗಾಗಿ ಬಾಗುತ್ತದೆ, ಮುರಿಯುತ್ತದೆ. ಎಲುಬನ್ನೇ ಹಾಕೋಣವೆಂದರೆ, ಬೇಯಿಸಿದ ಎಲುಬು ಚೂಪಾಗಿ ಸೀಳಿ ಕರುಳನ್ನು ಚುಚ್ಚೀತು. ಹಸಿಯ ಎಲುಬು ಹಲ್ಲನ್ನು ಮುರಿದೀತು, ಗಂಟಲಿಗೆ ಸಿಕ್ಕೀತು.

ಕೊನೆಗೆ ಚಿಗರಿಗೆ ಗೊತ್ತಾದ ಪಥ್ಯವು ಇದು: ಎಲುಬಿಲ್ಲದ ಮಾಂಸವನ್ನು ಉಪ್ಪು ಖಾರಗಳಿಲ್ಲದೆ ಚೆನ್ನಾಗಿ ಬೇಯಿಸಿ, ಬೆಂದ ಜೋಳದ ನುಚ್ಚಿನೊಡನೆ ಕಲಸಿ, ಬೇಯಿಸಿದ ತತ್ತಿಯೊಂದನ್ನು ಸೇರಿಸಿ, ವೈದ್ಯರು ತೂಕಕ್ಕೆ ತಕ್ಕಂತೆ ಗೊತ್ತುಮಾಡಿದ ಸುಣ್ಣದ ಪುಡಿಯನ್ನು ಬೆರೆಸಿ ಹಾಕುವುದು. ಆಹಾರವನ್ನು ಬದಲಾಯಿಸುವಾಗ ಹಳೆಯದರಲ್ಲಿ ಹೊಸದನ್ನು ದಿನದಿನಕ್ಕೂ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಏಳೆಂಟು ದಿನಗಳಲ್ಲಿ ಪೂರ್ತಿಯಾಗಿ ಮಾಡುವುದು. ಪುಡಿಯನ್ನು ಕೈಗೆ ಬಂದಷ್ಟು ಹಾಕಕೂಡದು. ಸುಣ್ಣವು ಹೆಚ್ಚಾದರೂ ಎಲುಬು ಕೆಡುತ್ತದೆ.

ಹೊರಡುವಾಗ ನಾನು ಹೊಲದವನನ್ನು ಗದರಿಸಬೇಕೆಂದಿದ್ದೆನು. ಆದರೆ ದಾರಿಯಲ್ಲಿ ಮಾತು ಹೊರಡಲಿಲ್ಲ. ಅವನು ಹುಳುವಿನ ಸಂಗತಿಯನ್ನು ಯಾರಿಂದ ಕೇಳಿ ತಿಳಿದಿರಬೇಕಾಗಿತ್ತು? ಮೂರು ವಾರ ದಿನವೂ ಹದಿನೈದು ಹೆಜ್ಜೆಗಳಾಚೆ ನಾನು ನಿಂತಿದ್ದೆನಲ್ಲ! ಒಮ್ಮೆ ತಿರುಗಿ ನೋಡಿದ್ದರೆ ಬೋಗುಣಿಯಲ್ಲಿರುವುದು ಕೋಳಿಯಲ್ಲವೆಂದು ನನಗೂ ತಿಳಿಯುತ್ತಿತ್ತು. ನನ್ನ ಕಣ್ಣನ್ನು ಮಡಿಯಾಗಿ ಇಟ್ಟುಕೊಳ್ಳುವ ಸಲುವಾಗಿ ಮೊಮ್ಮಗಳ ಯಕೃತ್ತನ್ನು ಪಣಕ್ಕಿಟ್ಟಂತಾಗಿತ್ತು.

ವಾಚಕರು ಇಲ್ಲಿಗೆ ಕಥೆಯು ಮುಗಿಯಿತೆಂದು ಭಾವಿಸಬಹುದು. ನಾನೂ ಹಾಗೆಯೇ ಭಾವಿಸಿದ್ದೆನು.

ಚೈತ್ರಮಾಸವು ಬಂದಿತು. ತಿಕೋಟಾ ಸೀಮೆಯಲ್ಲಿ ಅದು ದ್ರಾಕ್ಷಿಯ ಕಾಲ. ನಮ್ಮ ಮಳೆ ಕಡಮೆಯಾದ ನೆಲದಲ್ಲಿ ಜನರು ನೀರನ್ನು ಹನಿಹನಿಯಾಗಿ ಉಣಿಸಿ ದ್ರಾಕ್ಷಿಯನ್ನು ಬೆಳೆಯುತ್ತಾರೆ. ಅದರಲ್ಲಿ ಬಹುಪಾಲನ್ನು ಕ್ಷಾರ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ನೆರಳಿನ ಚಪ್ಪರಗಳ ಜಾಲರಿಗಳ ಮೇಲೆ ಹರಡಿ, ಎರಡು ಮೂರು ವಾರ ಗಾಳಿಗೆ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ನೆರೆಯವರೊಬ್ಬರು ಆ ವರ್ಷದ ಮೊದಲ ಒಣದ್ರಾಕ್ಷಿಯನ್ನು ಒಂದು ಚೀಲದಲ್ಲಿ ನಮಗೆ ಕೊಟ್ಟರು. ನಾನು ಅದನ್ನು ದೇವರಿಗೆ ನೈವೇದ್ಯ ಮಾಡಿ, ಮನೆಯವರಿಗೆಲ್ಲ ಹಂಚಿ, ಹಿತ್ತಲಿಗೆ ಬಂದೆನು. ಚಿಗರಿಯು ಬಾಲವಾಡಿಸುತ್ತ ನಿಂತಿತ್ತು. ದಿನವೂ ಬೇರೆಯವರು ಬೇಯಿಸಿದ ಮಾಂಸವನ್ನು ತಿನ್ನುವ ಈ ಪ್ರಾಣಿಗೆ ಇಂದಾದರೂ ನನ್ನ ಕೈಯಿಂದ ಸಾತ್ತ್ವಿಕವಾದುದೇನಾದರೂ ಸಲ್ಲಲೆಂದು ಒಂದು ತುಂಬು ಹಿಡಿ ಪ್ರಸಾದವನ್ನು ಅದರ ಮುಂದೆ ಸುರಿದೆನು. ಅದು ಒಂದೂ ಬಿಡದೆ ತಿಂದಿತು. ನನಗೆ ಬಹಳ ತೃಪ್ತಿಯಾಯಿತು.

ಮೊಮ್ಮಗಳು ಅದನ್ನು ನೋಡಿದ್ದಳು. ಎಂದಿನಂತೆ ಸಂಜೆ ತಂದೆಯೊಡನೆ ದೂರವಾಣಿಯಲ್ಲಿ ಮಾತನಾಡುತ್ತ, ಅಂದಿನ ವಾರ್ತೆಗಳಲ್ಲಿ ಒಂದಾಗಿ ಅದನ್ನೂ ಹೇಳಿದಳು. ಒಡನೆಯೇ ಅವಳು ನನ್ನ ಬಳಿಗೆ ಓಡಿಬಂದು ಯಂತ್ರವನ್ನು ನನ್ನ ಕೈಗೆ ಕೊಟ್ಟಳು.

“ಅಪ್ಪಾ, ಎಷ್ಟ ಹಾಕೀರಿ? ಯಾವಾಗ ಹಾಕೀರಿ?” ಮಗನ ಧ್ವನಿಯು ನಡುಗುತ್ತಿತ್ತು. “ದ್ರಾಕ್ಷಿ ನಾಯಿಗೆ ವಿಷ. ಈಗಿಂದೀಗ ವಿಜಯಪುರಕ್ಕ ಒಯ್ಯಿರಿ. ವಾಂತಿ ಆಗೂತನಕಾ ಕಾಯಬ್ಯಾಡ್ರಿ.”

ನಾನು ನಂಬಲಿಲ್ಲ. ದ್ರಾಕ್ಷಿ ವಿಷವೇ? ಜ್ವರದ ರೋಗಿಗೂ ಬಾಣಂತಿಗೂ ಕೊಡುವ ದ್ರಾಕ್ಷಿ? ಆದರೆ ಹಸಿಯ ಮಾಂಸದ ಪ್ರಕರಣವು ನನ್ನ ಪಾಂಡಿತ್ಯದ ಸೊಕ್ಕನ್ನು ಸ್ವಲ್ಪ ಇಳಿಸಿತ್ತು, ಪ್ರತಿಮಾತಾಡದೆ ಹೊರಟೆನು. ಹೊಲದವನೇ ವಾಹನವನ್ನು ಗೊತ್ತುಮಾಡಿ ಚಿಗರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತನು. ತಿಂದು ಎರಡು ತಾಸು ಆಗುವುದರೊಳಗೆ ನಾವು ವೈದ್ಯೆಯ ಮುಂದೆ ಇದ್ದೆವು. ಅವರು ಔಷಧ ಕೊಟ್ಟು ವಾಂತಿ ಮಾಡಿಸಿದರು. ಹೊರಬಿದ್ದುದರಲ್ಲಿ ನನ್ನ ಪ್ರಸಾದವು ನೀರು ಕುಡಿದು ಉಬ್ಬಿ ಇಡಿಯಾಗಿಯೇ ಇತ್ತು. ಅದನ್ನು ಆ ದಿನ ನಾನು ಮೋರೆ ತಿರುಗಿಸದೆ ನೋಡಿದೆನು.

ಅನಂತರ ಎರಡು ದಿನ ನರಕ್ಕೆ ಸೂಜಿ ಹಾಕಿ ಲವಣಜಲವನ್ನು ಇಳಿಸಿದರು; ಮೂತ್ರಪಿಂಡಗಳ ಸ್ಥಿತಿಯನ್ನು ತಿಳಿಯಲು ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಆ ಬಿಡುವಿನಲ್ಲಿ ವೈದ್ಯೆಯಿಂದ ಕೇಳಿ ತಿಳಿದೆನು: ದ್ರಾಕ್ಷಿಯನ್ನೋ ಒಣದ್ರಾಕ್ಷಿಯನ್ನೋ ತಿಂದ ಕೆಲವು ನಾಯಿಗಳಿಗೆ ಒಂದೆರಡು ದಿನಗಳಲ್ಲಿ ಮೂತ್ರಪಿಂಡಗಳೇ ನಿಂತುಹೋಗುವುದನ್ನು ಅಮೆರಿಕದ ಪಶುವೈದ್ಯರು 2001ರಲ್ಲಿ ಪ್ರಕಟಿಸಿದರು. ಕಾರಣವೇನೆಂಬುದು ಬಹುಕಾಲ ಹೊಳೆಯಲಿಲ್ಲ. 2021ರಲ್ಲಿ ಕೆಲವರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಹುಣಸೆಯ ಹಣ್ಣಿನಲ್ಲಿಯೂ ಇರುವುದು ಅದೇ ಆಮ್ಲ. ಎಲ್ಲ ನಾಯಿಗಳಿಗೂ ಹೀಗಾಗುವುದಿಲ್ಲ. ಒಂದಕ್ಕೆ ಹಿಡಿ ತಿಂದರೂ ಏನಾಗದು, ಇನ್ನೊಂದಕ್ಕೆ ನಾಲ್ಕು ಕಾಳುಗಳೇ ಸಾಕಾದೀತು. ಯಾವ ನಾಯಿಗೆ ಎಷ್ಟು ಎಂದು ಮುಂಚಿತವಾಗಿ ಹೇಳಬರುವುದಿಲ್ಲ; ಆದುದರಿಂದ ಯಾವ ನಾಯಿಗೂ ಒಂದು ಕಾಳನ್ನೂ ಕೊಡಬಾರದು. ಈರುಳ್ಳಿ, ಬೆಳ್ಳುಳ್ಳಿಗಳೂ ಹಾಗೆಯೇ. ಅವು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಮಕ್ಕಳ ಚಾಕಲೇಟೂ ಅದಕ್ಕೆ ವಿಷವೇ.

ಮೂರನೆಯ ದಿನ ರಕ್ತವು ಸರಿಯಾಗಿದೆಯೆಂದು ಹೇಳಿ ಕಳಿಸಿಕೊಟ್ಟರು. ಆ ಎರಡು ರಾತ್ರಿಗಳಲ್ಲಿ ಮೊಮ್ಮಗಳು ನನ್ನನ್ನು ಒಂದು ಮಾತನ್ನೂ ಅನ್ನಲಿಲ್ಲ. “ಅಜ್ಜಾ, ನಿನಗ ಗೊತ್ತ ಇರಲಿಲ್ಲ ಅಲ್ಲ?” ಎಂದು ಮಾತ್ರ ಕೇಳಿದಳು. ಹೌದೆಂದು ಹೇಳಿದೆನು. ಮೂವತ್ತು ವರ್ಷ ಶಿಕ್ಷಕನಾಗಿದ್ದವನು ಏಳು ವರ್ಷದ ಹುಡುಗಿಗೆ ‘ಗೊತ್ತಿರಲಿಲ್ಲ’ ಎಂದು ಹೇಳುವುದು ಎಷ್ಟು ಕಷ್ಟವೋ, ಹೇಳಿದ ಮೇಲೆ ಅಷ್ಟೇ ಹಗುರ.

ಈಗ ನಾನು ಆಲೋಚಿಸುತ್ತೇನೆ. ಮಗನ ಕಾಗದದಲ್ಲಿ ತಪ್ಪಿತ್ತು. ಆದರೆ ಅವನು ಓದಿಕೊಂಡುದರಿಂದಲೇ ನಾಯಿಯು ಉಳಿಯಿತು. ಯಾವುದನ್ನು ನಾನು ಅಶುದ್ಧವೆಂದು ಹೆದರಿ ದೂರ ನಿಂತೆನೋ ಅದು ಒಲೆಯ ಮೇಲೆ ಬೆಂದು ಚಿಗರಿಯ ಎಲುಬನ್ನು ಗಟ್ಟಿಮಾಡುತ್ತಿದೆ. ಯಾವುದನ್ನು ಪರಮಶುದ್ಧವೆಂದು ನಂಬಿ ಕೈಯಾರೆ ನೀಡಿದೆನೋ ಅದು ಅದನ್ನು ಕೊಲ್ಲುವುದರಲ್ಲಿತ್ತು. ಎರಡು ಸಲವೂ ನಾನು ಬೋಗುಣಿಯಲ್ಲಿ ನನ್ನನ್ನೇ ನೋಡಿಕೊಂಡೆನಲ್ಲದೆ ಉಣ್ಣುವ ಪ್ರಾಣಿಯನ್ನು ನೋಡಲಿಲ್ಲ. ಮಗನೂ ಮೊದಲಿಗೆ ತೋಳನನ್ನು ನೋಡಿದನೇ ಹೊರತು ಚಿಗರಿಯನ್ನು ನೋಡಲಿಲ್ಲ. ಮಾತು ಬಾರದ ಜೀವದ ಎಡೆಯನ್ನು ಗೊತ್ತುಮಾಡುವ ಅಧಿಕಾರವು ನಮ್ಮ ಕೈಗೆ ಬಂದ ಮೇಲೆ, ಅದಕ್ಕೆ ಹಿಡಿಸುವುದೇನು ಎಂದು ತಿಳಿದವರನ್ನು ಕೇಳುವುದೂ ಬಡಿಸಿದುದನ್ನು ಕಣ್ಣಾರೆ ನೋಡುವುದೂ ಆ ಅಧಿಕಾರದ ಬೆಲೆ.

ನನ್ನ ಹೆಂಡತಿಯ ತೀರ್ಪು ಇನ್ನೂ ನಡೆಯುತ್ತಿದೆ. ಅಡಿಗೆಮನೆಯ ಒಲೆಯು ಅಡಿಗೆಮನೆಯದೇ. ಹಿತ್ತಲಿನಲ್ಲಿ ಮೂರು ಕಲ್ಲಿನ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸವಟು. ಹೊಲದವನು ಬೇಯಿಸುತ್ತಾನೆ. ನಾನು ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತು ತೂಕ ನೋಡುತ್ತೇನೆ, ಎಲುಬಿನ ಚೂರು ಉಳಿದಿಲ್ಲವಷ್ಟೇ ಎಂದು ಕೇಳುತ್ತೇನೆ, ಪುಡಿಯನ್ನು ಅಳೆದು ಹಾಕುತ್ತೇನೆ. ಎರಡು ಮೂರು ತಿಂಗಳಲ್ಲಿ ಚಿಗರಿಯ ಕಾಲುಗಳು ಬಹುಮಟ್ಟಿಗೆ ನೆಟ್ಟಗಾದವು. ಬೋಗುಣಿ ಆರಿದ ಮೇಲೆ ಅದನ್ನು ಎತ್ತಿಕೊಂಡು ಹೋಗಿ ಅದರ ಮುಂದೆ ಇಡುವವನು ಈಗ ನಾನೇ. ಕೈ ತೊಳೆದುಕೊಂಡರೆ ಕೈ ಶುದ್ಧವಾಗುತ್ತದೆ. ಅದಕ್ಕೆ ನಾನು ಹೆದರಬೇಕಾಗಿರಲಿಲ್ಲ.

ಮೊಮ್ಮಗಳು ಪುಣೆಗೆ ಹೋಗುವ ಹಿಂದಿನ ದಿನ, ಅಮರಕೋಶದಲ್ಲಿ ನಾಯಿಗಿರುವ ಹೆಸರುಗಳನ್ನು ಕಲಿಸೆಂದಳು. ಎಲ್ಲವನ್ನೂ ಕಲಿಸಿದೆನು. ಇವುಗಳಲ್ಲಿ ಚಿಗರಿಗೆ ಒಪ್ಪುವುದು ಯಾವುದೆಂದು ಕೇಳಿದಳು. ಎರಡೂ ಒಪ್ಪುತ್ತವೆಂದು ಹೇಳಿ ಅರ್ಥವನ್ನು ತ‍ಿಳಿಸಿದೆನು. ಅವಳು ಸ್ವಲ್ಪ ಹೊತ್ತು ಯೋಚಿಸಿ, ಚಿಗರಿಯ ಬೆನ್ನನ್ನು ಸವರಿ, ಹೇಳಿಸಿಕೊಳ್ಳದೆಯೇ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಊಟಕ್ಕೆ ಬಂದಳು.